ದೇವರೂ ಗುಳೆ ಹೋಗುವ ಬೆಟ್ಟ

ಗುಳೆ ಎಂಬ ಮಾತಿಗೆ ನಮ್ಮ ಹರಪನಹಳ್ಳಿ ಸೀಮೆಯಲ್ಲಿ ವಿವರಣೆ ಬೇಕಿಲ್ಲ. ದೀಪಾವಳಿ ಕಳೆದು ಮೆಕ್ಕೆಜೋಳದ ಕಾಳು ಮನೆ ಸೇರಿತೆಂದರೆ ಎಷ್ಟೋ ತಾಂಡಾಗಳ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಮಂಡ್ಯದ ಕಬ್ಬಿನ ಗದ್ದೆಗೆ, ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಇನ್ನು ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಊರಲ್ಲಿ ಉಳಿಯುವುದು ಮುದುಕರು, ನಾಯಿಗಳು, ಮಾರಲು ಮನಸ್ಸಾಗದ ಒಂದೆರಡು ಎಮ್ಮೆ. ತುಂಗಭದ್ರೆಯ ದಡದ ನಮ್ಮ ಹಲವಾಗಲಿನಲ್ಲಿ ನೀರು ಹಾಯಿಸಿಕೊಳ್ಳುವವರಿಗೆ ಈ ತಾಪತ್ರಯ ಅಷ್ಟಿಲ್ಲ. ಹೊಳೆ ಬಿಟ್ಟು ಒಂದೆರಡು ಹರದಾರಿ ಮೂಡಲಿಗೆ ನಡೆದರೆ ಮಳೆ ನಂಬಿದ ಹೊಲ, ಗುಳೆ ನಂಬಿದ ಸಂಸಾರ.

ಇದು ಇವತ್ತಿನದಲ್ಲ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ‘ವಲಸೆ’ ಎಂಬ ನಮ್ಮ ಶಬ್ದವನ್ನು ಹಾಗೆಯೇ ಎತ್ತಿ ಬಳಸಿದ್ದಾನೆ. ಶತ್ರು ದಂಡು ಬರುತ್ತಿದೆ ಎಂದು ಗೊತ್ತಾದೊಡನೆ ಭಾರದ ಸಾಮಾನನ್ನು ನೆಲದಲ್ಲಿ ಹೂತು, ಇಡೀ ಸೀಮೆಗೆ ಸೀಮೆಯೇ ಮಕ್ಕಳುಮರಿ ಕಟ್ಟಿಕೊಂಡು ಕಾಡಿಗೋ ಗುಡ್ಡಕ್ಕೋ ಹೊರಡುವುದನ್ನು ಹೇಳಲು ಅವನಿಗೆ ಇಂಗ್ಲಿಷಿನಲ್ಲಿ ಸರಿಯಾದ ಪದ ಸಿಗಲಿಲ್ಲ. ಮರಾಠರ ದಂಡು, ಹೈದರನ ದಂಡು, ಪಾಳೆಗಾರರ ಕಿತ್ತಾಟ ಎಲ್ಲವನ್ನೂ ಕಂಡ ಸೀಮೆ ಇದು. 1898ರ ಹೊತ್ತಿಗೆ ಪ್ಲೇಗು ಬಂದಾಗಲೂ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಈಗಲೂ ನಮ್ಮ ಕಡೆಯ ಹಲವು ಹಳ್ಳಿಗಳಲ್ಲಿ ‘ಹೊರಬೀಡು’ ಮಾಡುತ್ತಾರೆ. ಒಂದು ದಿನ ದನಕರು, ಕೋಳಿ ಸಮೇತ ಎಲ್ಲರೂ ಊರಾಚೆ ಹೋಗಿ ಅಡುಗೆ ಮಾಡಿಕೊಂಡು ಉಂಡು, ಸಂಜೆ ಮರಳುತ್ತಾರೆ. ಊರು ಅಂದು ನಿರ್ಜನ. ಆ ಹಬ್ಬ ನನಗೆ ಹಳೆಯ ಗುಳೆಗಳ ನೆನಪಿನಂತೆಯೇ ಕಾಣುತ್ತದೆ.

ಇಷ್ಟು ಪೀಠಿಕೆ ಯಾಕೆಂದರೆ, ನಾನು ಹೇಳಹೊರಟಿರುವ ಹಿಮದ ಬೆಟ್ಟದಲ್ಲಿ ದೇವರೂ ಗುಳೆ ಹೋಗುತ್ತಾನೆ. ಅವನ ಜೊತೆ ಗುಳೆ ಹೋಗುವ ಪೂಜಾರಿಗಳು ನಮ್ಮವರು, ಕನ್ನಡದವರು.

ಉತ್ತರಾಖಂಡದ ಕೇದಾರನಾಥ ಸಮುದ್ರಮಟ್ಟದಿಂದ 3,583 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ ಎಂಬುದನ್ನು ನೆನೆದರೆ ಅಂದಾಜು ಸಿಕ್ಕೀತು. ಅಲ್ಲಿ ವರ್ಷಕ್ಕೆ ಸುಮಾರು ಆರು ತಿಂಗಳು ಮಾತ್ರ ಪೂಜೆ. ಬಲಿಪಾಡ್ಯಮಿಯ ಮರುದಿನ, ಅವರು ಭಾಯಿದೂಜ್ ಎನ್ನುವ ದಿನ, ಬೆಳಗಿನ ಜಾವದಲ್ಲಿ ಲಿಂಗಕ್ಕೆ ಭಸ್ಮ ಮತ್ತು ಹೂವು ಹೊದಿಸಿ ಸಮಾಧಿ ಪೂಜೆ ಮಾಡಿ ಬಾಗಿಲು ಹಾಕುತ್ತಾರೆ. ಉತ್ಸವಮೂರ್ತಿ ಡೋಲಿಯೇರಿ ಕೆಳಗಿಳಿಯುತ್ತದೆ. ಮೊದಲ ರಾತ್ರಿ ರಾಮಪುರ, ಎರಡನೆಯ ರಾತ್ರಿ ಗುಪ್ತಕಾಶಿ, ಮೂರನೆಯ ದಿನ ಊಖಿಮಠದ ಓಂಕಾರೇಶ್ವರ ಗುಡಿ. ಚಳಿಗಾಲ ಮುಗಿಯುವವರೆಗೆ ಕೇದಾರನ ಪೂಜೆ ಅಲ್ಲಿಯೇ. ಊಖಿಮಠ 1,300 ಮೀಟರ್ ಆಸುಪಾಸಿನ ಊರು. ಹಿಮ ಬಿದ್ದರೂ ನಿಲ್ಲುವುದಿಲ್ಲ.

ದಿನಗಳ ಈ ಹೊಂದಿಕೆ ನನಗೆ ಕುತೂಹಲ ಹುಟ್ಟಿಸುತ್ತದೆ. ದೀಪಾವಳಿ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಮನೆಗಳಲ್ಲಿ ಕೇದಾರೇಶ್ವರನ ವ್ರತ ಹಿಡಿಯುತ್ತಾರೆ, 21 ಎಳೆಯ ದಾರ ಕಟ್ಟುತ್ತಾರೆ. ಪಾಡ್ಯಮಿಗೆ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಚೆಂಡುಹೂವು, ಉತ್ತರಾಣಿ ಕಡ್ಡಿ ಚುಚ್ಚಿ ಬಾಗಿಲಲ್ಲಿ ಇಡುತ್ತಾರೆ. ಮಾರನೆಯ ದಿನ ಅಲ್ಲಿ, ಪಾಂಡವರು ಅಟ್ಟಿಸಿಕೊಂಡು ಹೋದಾಗ ಶಿವನು ಗೂಳಿಯಾಗಿ ನೆಲದೊಳಗೆ ಇಳಿದನೆಂದು ಹೇಳುವ ಜಾಗದಲ್ಲಿ, ಬಾಗಿಲು ಮುಚ್ಚುತ್ತದೆ. ಹಿಮವನ್ನೇ ಕಾಣದ ಅಜ್ಜಿಯಂದಿರು ಎಮ್ಮೆಯ ಸಗಣಿಯಲ್ಲಿ ಆ ಕಥೆಯ ಒಂದು ತುದಿಯನ್ನು ಹಿಡಿದುಕೊಂಡೇ ಬಂದಿದ್ದಾರೆ.

ಕೇದಾರದ ಮುಖ್ಯಸ್ಥರನ್ನು ರಾವಲ್ ಎನ್ನುತ್ತಾರೆ. ಅವರು ವೀರಶೈವ ಜಂಗಮರು, ಪರಂಪರೆಯಿಂದ ಕರ್ನಾಟಕದ ಕಡೆಯವರು, ಬ್ರಹ್ಮಚಾರಿಗಳು. ರಾವಲ್ ತಾವೇ ನಿತ್ಯಪೂಜೆ ಮಾಡುವುದಿಲ್ಲ. ಅವರು ನೇಮಿಸುವ ಐವರು ಪೂಜಾರಿಗಳು ಸರದಿಯಂತೆ ಕೇದಾರ, ಮಧ್ಯಮಹೇಶ್ವರ, ಊಖಿಮಠ, ಗುಪ್ತಕಾಶಿಗಳಲ್ಲಿ ನಿಲ್ಲುತ್ತಾರೆ. ಅವರೂ ನಮ್ಮ ಜಂಗಮ ಮನೆತನಗಳಿಂದ ಹೋದವರೇ. ಪಂಚಪೀಠಗಳಲ್ಲಿ ಒಂದು ಊಖಿಮಠದಲ್ಲಿದ್ದರೆ ಇನ್ನೊಂದು ನಮ್ಮ ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿದೆ. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಕಲ್ಲು ಕಾದು ಸಿಡಿಯುವ ಉಜ್ಜಿನಿಗೂ ಕಲ್ಲು ಕಾಣದಂತೆ ಹಿಮ ಮುಚ್ಚುವ ಕೇದಾರಕ್ಕೂ ಒಂದೇ ಬಳಗ.

ಈ ನಂಟು ಎಷ್ಟು ಹಳೆಯದು ಎಂದು ಕೇಳಿದರೆ ಪೀಠದವರು ಜನಮೇಜಯನ ತಾಮ್ರಪಟದ ಮಾತೆತ್ತುತ್ತಾರೆ. ಮಹಾಭಾರತದ ಅರಸನೊಬ್ಬನ ದಾನಪತ್ರ ಇತಿಹಾಸದ ಸಾಕ್ಷಿಯಾಗಿ ನಿಲ್ಲಲಾರದು. ಗಟ್ಟಿ ದಾಖಲೆ ಬೇಕಾದರೆ ಕಾಶಿಯ ಜಂಗಮವಾಡಿ ಮಠಕ್ಕೆ ಹೋಗಬೇಕು. ಅಲ್ಲಿನ ಜಂಗಮರಿಗೆ ಅಕ್ಬರನಿಂದ ಔರಂಗಜೇಬನವರೆಗಿನ ಮೊಗಲರು ಕೊಟ್ಟ ಭೂಮಿಯ ಫರ್ಮಾನುಗಳಿವೆ, ವಿದ್ವಾಂಸರು ಓದಿ ಪ್ರಕಟಿಸಿದ್ದಾರೆ. ಅಂದರೆ 16ನೆಯ ಶತಮಾನಕ್ಕಾಗಲೇ ಗಂಗೆಯ ದಡದಲ್ಲಿ ಕನ್ನಡದ ಜಂಗಮರು ಬಾದಶಹನ ಕಚೇರಿಗೆ ಗೊತ್ತಾಗುವಷ್ಟು ನೆಲೆಯೂರಿದ್ದರು. ಅಲ್ಲಿಂದ ಹರಿದ್ವಾರ, ಹರಿದ್ವಾರದಿಂದ ಮೇಲಿನ ಕಣಿವೆಗಳು ಕಾಲ್ನಡಿಗೆಯ ದಾರಿ.

ರಾಜರ ದಾರಿ ಬೇರೆ. 871ರ ಸಂಜಾನ ತಾಮ್ರಶಾಸನ ರಾಷ್ಟ್ರಕೂಟ ಮೂರನೆಯ ಗೋವಿಂದನ ಕುದುರೆಗಳು ಹಿಮಾಲಯದ ತೊರೆಗಳ ನೀರು ಕುಡಿದವೆಂದು ಹೊಗಳುತ್ತದೆ. ‘ಸೇತುವಿನಿಂದ ಹಿಮಗಿರಿಯವರೆಗೆ’ ಎಂಬುದು ನಮ್ಮ ಶಾಸನಕವಿಗಳಿಗೆ ಬಾಯಿಪಾಠವಾಗಿದ್ದ ಮಾತು. ಕವಿಯ ಕುದುರೆ ಎಲ್ಲಿ ಬೇಕಾದರೂ ನೀರು ಕುಡಿಯಬಲ್ಲದು. ನಿಜವಾಗಿ ಹಿಮ ತುಳಿದವರು ಜೋಳಿಗೆ ಹಿಡಿದ ಜಂಗಮರು, ಅವರ ಬಗ್ಗೆ ಯಾವ ಪ್ರಶಸ್ತಿಯೂ ಕೆತ್ತಿಲ್ಲ. ಸಾಹಿತ್ಯದಲ್ಲೂ ಹೀಗೆಯೇ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ. ಪಾಂಡವರು ಹಿಮದಲ್ಲಿ ಒಬ್ಬೊಬ್ಬರಾಗಿ ಬಿದ್ದುಹೋಗುವ ಭಾಗ ಷಟ್ಪದಿಗೆ ಬಂದದ್ದು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿಯಿಂದ, ನಮ್ಮದೇ ಹೊಳೆಯ ಕೆಳದಂಡೆಯ ವಿಜಯನಗರದಿಂದ. ಅಲ್ಲಿ ಬೆಚ್ಚನೆಯ ಬಂಡೆಗಳ ನಡುವೆ ಕುಳಿತು ಹಿಮವನ್ನು ಊಹಿಸಿಕೊಳ್ಳಬೇಕಿತ್ತು. ಕನ್ನಡಕ್ಕೆ ಹಿಮಕ್ಕೆಂದೇ ತನ್ನದಾದ ಶಬ್ದವಿಲ್ಲ. ಮಂಜು ಎಂದರೆ ನಮಗೆ ಮಾಗಿಯ ಬೆಳಗಿನ ಮುಸುಕು, ಅದನ್ನೇ ಎಳೆದು ಮಂಜುಗಡ್ಡೆ ಮಾಡಿಕೊಂಡಿದ್ದೇವೆ.

ನಾನು ಊಖಿಮಠಕ್ಕೆ ಹೋದದ್ದು ಜನವರಿಯಲ್ಲಿ. ಕೇದಾರ ಮುಚ್ಚಿರುವಾಗ ಯಾಕೆ ಹೋಗುತ್ತೀ ಎಂದು ಮನೆಯಲ್ಲಿ ಕೇಳಿದರು. ಮುಚ್ಚಿರುವುದನ್ನು ನೋಡುವುದಕ್ಕೇ ಹೊರಟಿದ್ದೆ. ಓಂಕಾರೇಶ್ವರ ಗುಡಿಯ ಅಂಗಳದಲ್ಲಿ ಒಬ್ಬ ಪೂಜಾರಿ ಫೋನಿನಲ್ಲಿ ನಮ್ಮ ಸೀಮೆಯ ಕನ್ನಡದಲ್ಲಿ ಯಾರಿಗೋ ಕಡಲೆ ಬೆಳೆಯ ಸಮಾಚಾರ ಕೇಳುತ್ತಿದ್ದರು. ಗಢ್‌ವಾಲಿ ಹೆಂಗಸರು ಪಕ್ಕದಲ್ಲೇ ಬಿಸಿಲು ಕಾಯಿಸುತ್ತ ಉಣ್ಣೆ ಹೆಣೆಯುತ್ತಿದ್ದರು. ಯಾರಿಗೂ ಅದರಲ್ಲಿ ವಿಶೇಷ ಕಂಡಂತಿರಲಿಲ್ಲ.

ಅಲ್ಲಿಂದ ಚೋಪ್ತಾದತ್ತ ಹೋಗುವ ರಸ್ತೆಯನ್ನು ದುಗ್ಗಲಬಿಟ್ಟಾದ ಬಳಿ ಹಿಮ ಮುಚ್ಚಿತ್ತು. ಜೀಪು ಅಲ್ಲೇ ನಿಂತಿತು. ಚೋಪ್ತಾ ಸುಮಾರು 2,700 ಮೀಟರ್, ಅಲ್ಲಿಂದ ತುಂಗನಾಥ ನಾಲ್ಕು ಕಿಲೋಮೀಟರಿನೊಳಗೆ, 3,680 ಮೀಟರ್. ಪಂಚಕೇದಾರಗಳಲ್ಲಿ ಅತಿ ಎತ್ತರದ್ದು, ಗೂಳಿಯಾದ ಶಿವನ ತೋಳು ಎದ್ದ ಜಾಗವೆಂದು ಪ್ರತೀತಿ. ಅದರ ಮೇಲಿನ ಚಂದ್ರಶಿಲಾ ಶಿಖರ ಸುಮಾರು 4,000 ಮೀಟರ್. ತುಂಗನಾಥನೂ ದೀಪಾವಳಿ ಕಳೆದ ಮೇಲೆ ಮಕ್ಕೂಮಠಕ್ಕೆ ಇಳಿಯುತ್ತಾನೆ. ಆದರೆ ಅಲ್ಲಿನ ಪೂಜಾರಿಗಳು ಕನ್ನಡದವರಲ್ಲ, ಮಕ್ಕೂ ಊರಿನ ಸ್ಥಳೀಯ ಬ್ರಾಹ್ಮಣರು.

ನಮ್ಮ ಗುಂಪಿನ ಮಾರ್ಗದರ್ಶಿ ಸಾರಿ ಊರಿನ ಯುವಕ. ಎಲ್ಲರ ಬೂಟಿಗೂ ಸರಪಳಿಯಂಥ ಮೊಳೆ ಕಟ್ಟಿಸಿದ. ಮೆತ್ತನೆಯ ಹಿಮ ಬರುವ ಜಾಗಕ್ಕೆಂದು ಎರಡು ಜೊತೆ ಸ್ನೋಶೂ ತಂದಿದ್ದ, ಅದರಲ್ಲಿ ಒಂದು ನನಗೆ ಬಂತು. ನೋಡಿದರೆ ನಗು ಬರುವ ವಸ್ತು. ಮೊರದಷ್ಟು ಅಗಲ. ನಮ್ಮ ಎರೆಹೊಲದಲ್ಲಿ ಮಳೆ ಬಿದ್ದ ಮೇಲೆ ನಡೆದವರಿಗೆ ಅದರ ಲೆಕ್ಕ ತಿಳಿಯುತ್ತದೆ. ಕಾಲು ಹೂಳುವುದು ತೂಕದಿಂದಲ್ಲ, ತೂಕ ಸಣ್ಣ ಜಾಗದ ಮೇಲೆ ಬೀಳುವುದರಿಂದ. ಅಂಗಾಲಿನ ಅಳತೆಯನ್ನು ನಾಲ್ಕೈದು ಪಟ್ಟು ಮಾಡಿದರೆ ಹಿಮ ಹೊರುತ್ತದೆ. ನನಗೆ ಅದು ನಮ್ಮ ಹರಿಗೋಲಿನ ನೆಂಟನಂತೆ ಕಂಡಿತು. ಬಿದಿರು ಬಗ್ಗಿಸಿ, ಹೆಣೆದು, ತೊಗಲು ಹೊದಿಸಿ ತುಂಗಭದ್ರೆಯ ಮೇಲೆ ಬಿಟ್ಟರೆ ಹರಿಗೋಲು. ಮರ ಬಗ್ಗಿಸಿ, ತೊಗಲಿನ ಪಟ್ಟಿ ಹೆಣೆದು ಹಿಮದ ಮೇಲೆ ಇಟ್ಟರೆ ಸ್ನೋಶೂ. ಈಗ ಎರಡೂ ಪ್ಲಾಸ್ಟಿಕ್ಕಾಗಿವೆ, ಅದು ಬೇರೆ ಮಾತು.

ಇದರ ಚರಿತ್ರೆ ಬಹಳ ಹಿಂದಕ್ಕೆ ಹೋಗುತ್ತದೆ. 2003ರಲ್ಲಿ ಇಟಲಿ ಮತ್ತು ಆಸ್ಟ್ರಿಯಾದ ಗಡಿಯ ಗುರ್ಗ್ಲರ್ ಐಸ್‌ಯೋಖ್ ಎಂಬಲ್ಲಿ, 3,134 ಮೀಟರ್ ಎತ್ತರದ ಹಿಮನದಿಯ ಬಳಿ, ಸಿಮೋನೆ ಬಾರ್ತೊಲಿನಿ ಎಂಬ ನಕಾಶೆ ತಜ್ಞನಿಗೆ ಬರ್ಚ್ ಮರದ ಒಂದು ಬಳೆ ಸಿಕ್ಕಿತು. ಹಳ್ಳಿಯವರ ಯಾವುದೋ ಹಳೆಯ ಸಾಮಾನು ಎಂದುಕೊಂಡು ವರ್ಷಗಟ್ಟಲೆ ತನ್ನ ಕಚೇರಿಯಲ್ಲಿ ತೂಗುಹಾಕಿಕೊಂಡಿದ್ದ. ಪರೀಕ್ಷೆಗೆ ಕೊಟ್ಟಾಗ ಅದು ಕ್ರಿ.ಪೂ. 3800–3700ರ ಕಾಲದ ಸ್ನೋಶೂ ಎಂದಾಯಿತು. ನಮ್ಮ ಸಂಗನಕಲ್ಲಿನ ಬೂದಿದಿಬ್ಬಗಳಿಗಿಂತಲೂ ಹಳೆಯದು. ಗ್ರೀಕರ ಕ್ಸೆನೊಫೋನ್ ಕ್ರಿ.ಪೂ. 400ರ ಸುಮಾರಿಗೆ ಸೈನ್ಯದೊಡನೆ ಆರ್ಮೇನಿಯಾದ ಹಿಮ ದಾಟುವಾಗ, ಅಲ್ಲಿನ ಗ್ರಾಮದ ಮುಖ್ಯಸ್ಥ ಕುದುರೆಗಳ ಗೊರಸಿಗೆ ಚೀಲ ಕಟ್ಟುವುದನ್ನು ಕಲಿಸಿಕೊಟ್ಟನಂತೆ. ಇಲ್ಲದಿದ್ದರೆ ಅವು ಹೊಟ್ಟೆಯವರೆಗೆ ಹೂಳುತ್ತಿದ್ದವು. ಉತ್ತರ ಅಮೆರಿಕದ ಮೂಲನಿವಾಸಿಗಳು ಇದನ್ನು ಕಲೆಯ ಮಟ್ಟಕ್ಕೆ ಒಯ್ದರು. ಅವರಿಂದ ಕಲಿತ ಫ್ರೆಂಚರು, ಇಂಗ್ಲಿಷರು 1758ರ ಮಾರ್ಚಿನಲ್ಲಿ ಜಾರ್ಜ್ ಸರೋವರದ ಬಳಿ ಸ್ನೋಶೂ ಕಟ್ಟಿಕೊಂಡೇ ಒಂದು ಕಾಳಗ ಮಾಡಿದರು. ಕಾಶ್ಮೀರದಲ್ಲಿ ಭತ್ತದ ಹುಲ್ಲಿನ ಪುಲ್ಹೋರ್, ಕುಲುವಿನಲ್ಲಿ ನಾರಿನ ಪುಲಾ ಎಂಬ ಪಾದರಕ್ಷೆಗಳು ಬಂದವು.

ಗಮನಿಸಬೇಕಾದದ್ದು, ಇವರಲ್ಲಿ ಯಾರೂ ಖುಷಿಗಾಗಿ ಹಿಮ ತುಳಿದವರಲ್ಲ. ಬೇಟೆಗೆ, ಯುದ್ಧಕ್ಕೆ, ಕಣಿವೆ ದಾಟಿ ಬದುಕಿಕೊಳ್ಳುವುದಕ್ಕೆ ಹೋದವರು. ಕೇದಾರದ ಮೇಲಿನ ಹಿಮಕ್ಕೆ ಇನ್ನೂ ಕಠಿಣವಾದ ಬಳಕೆಯಿತ್ತು. ಭೈರವ ಝಾಂಪ್ ಎಂಬ ಬಂಡೆಯಿಂದ ಧುಮುಕಿಯೋ, ಮಹಾಪಂಥವೆಂದು ಹಿಮದೊಳಕ್ಕೆ ನಡೆದುಹೋಗಿಯೋ ಪ್ರಾಣ ಬಿಡುವ ಭಕ್ತರಿದ್ದರು. ಬ್ರಿಟಿಷ್ ಆಡಳಿತದಲ್ಲಿ ಅದು ನಿಂತಿತು. ಕುಮಾವೂಂ ಕಮಿಷನರ್ ಟ್ರೇಲ್ 1830ರಲ್ಲಿ ಪಿಂಡಾರಿ ಹಿಮನದಿಯ ತಲೆಯ ಮೇಲಿನ ಕಣಿವೆದಾರಿ ದಾಟಿದಾಗ ಹಿಮದ ಬೆಳಕಿಗೆ ಅವನ ಕಣ್ಣು ಕಟ್ಟಿತು. ನಂದಾದೇವಿಯ ಸಿಟ್ಟು ಎಂದರು ಸುತ್ತಲಿನವರು. ಬೆಟ್ಟದವರ ನ್ಯಾಯ ಸರಳ. ಚಳಿಗಾಲದ ಮೇಲ್ಬೆಟ್ಟ ಮನುಷ್ಯರದಲ್ಲ. ಮಾಣಾ, ನೀತಿ ಕಣಿವೆಗಳ ಭೋಟಿಯಾ ಜನ ಶರತ್ಕಾಲ ಮುಗಿಯುತ್ತಲೇ ಕುರಿ, ಮಗ್ಗ, ಮಕ್ಕಳೊಂದಿಗೆ ಕೆಳಗಿನ ಊರುಗಳಿಗೆ ಇಳಿಯುತ್ತಾರೆ. ದೇವರು ಅವರನ್ನು ಅನುಸರಿಸಿದನೋ ಅವರು ದೇವರನ್ನು ಅನುಸರಿಸಿದರೋ, ಲೆಕ್ಕ ಒಂದೇ. ಪೂಜೆಯ ಪಂಚಾಂಗ ಎಂದು ನಾವು ತಿಳಿದದ್ದು ಮೂಲದಲ್ಲಿ ಮೇವಿನ ಪಂಚಾಂಗ ಎಂಬುದು ನನ್ನ ಅನಿಸಿಕೆ.

ತುಂಗನಾಥದ ದಾರಿ ಮೊದಲು ಓಕ್ ಮತ್ತು ಬುರಾಂಶ್ ಮರಗಳ ನಡುವೆ ಹೋಗುತ್ತದೆ. ಮರ ಮುಗಿದ ಮೇಲೆ ಬೋಳು ಇಳಿಜಾರು, ಗಾಳಿ, ಬಿಸಿಲಿನ ಚೂರಿ. ಮೊಣಕಾಲುದ್ದದ ಹಿಮದಲ್ಲಿ ಸ್ನೋಶೂ ನಿಜಕ್ಕೂ ಹೊತ್ತಿತು. ಕಡಿದಾದ ಗಟ್ಟಿ ಹಿಮದಲ್ಲಿ ಅದೇ ಎಡವುಗಾಲಾಯಿತು, ಬಿಚ್ಚಿ ಬೆನ್ನಿಗೆ ಕಟ್ಟಿಕೊಂಡೆ. ಎರಡೂವರೆ ತಾಸಿನ ನಡಿಗೆ ಐದು ತಾಸು ತೆಗೆದುಕೊಂಡಿತು. ಗುಡಿಯ ಮುಂದಿನ ಅಂಗಡಿಗಳ ಮಾಡುಗಳಷ್ಟೇ ಮೇಲೆ ಕಾಣುತ್ತಿದ್ದವು. ಬಾಗಿಲಿಗೆ ಬೀಗ, ಬೀಗಕ್ಕೆ ಹಿಮ. ಮಾರ್ಗದರ್ಶಿ ಟೋಪಿ ತೆಗೆದು ದೂರದಿಂದಲೇ ಕೈಮುಗಿದ. ಗಂಟೆ ಬಾರಿಸಲು ಹೊರಟ ಒಬ್ಬ ಹುಡುಗನನ್ನು ಬೇಡವೆಂದು ತಡೆದ. ‘ಮನೆಯಲ್ಲಿ ಯಾರೂ ಇಲ್ಲ’ ಎಂದ, ಅಷ್ಟೆ. ನಮ್ಮ ತಾಂಡಾದ ಬೀಗ ಹಾಕಿದ ಬಾಗಿಲುಗಳ ಮುಂದೆ ಅಂಚೆಯವನು ಆಡುವ ಮಾತು ಇದೇ.

ಚಂದ್ರಶಿಲೆಯ ಮೇಲೆ ಹತ್ತು ನಿಮಿಷ ನಿಂತಿದ್ದೆವು. ಚೌಖಂಬಾ ಕೈಗೆ ಸಿಗುವಂತಿತ್ತು. ಮೂಡಲಿಗೆ ನಂದಾದೇವಿ. ಉಸಿರು ಸಾಲದೆ ಹೆಚ್ಚು ವರ್ಣಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಇಳಿಯುವಾಗ ಹತ್ತುತ್ತಿದ್ದವರು ನೂರಕ್ಕೂ ಹೆಚ್ಚು ಜನ ಎದುರಾದರು. ದಿಲ್ಲಿ, ಪುಣೆ, ಬೆಂಗಳೂರು. ಇದು ಹೊಸ ಚರಿತ್ರೆ. ದೇವರು ಇಳಿದುಹೋದ ಬೆಟ್ಟವನ್ನು ಜನ ಹತ್ತುತ್ತಿರುವುದು ಕಳೆದ ಕೆಲವು ದಶಕಗಳ ಬೆಳವಣಿಗೆ. ನಾನೂ ಅವರಲ್ಲಿ ಒಬ್ಬ, ದೂರುವ ಹಕ್ಕು ನನಗಿಲ್ಲ. ಸಾರಿಯ ಆ ಯುವಕನ ತಂದೆ ಚಳಿಗಾಲದಲ್ಲಿ ಕೂಲಿಗೆ ದಿಲ್ಲಿಗೆ ಹೋಗುತ್ತಿದ್ದರಂತೆ. ಈಗ ಮಗ ಅದೇ ಚಳಿಗಾಲದಲ್ಲಿ ದಿಲ್ಲಿಯವರನ್ನು ಬೆಟ್ಟ ಹತ್ತಿಸಿ ಮನೆಯಲ್ಲೇ ಉಳಿದಿದ್ದಾನೆ. ಹರಪನಹಳ್ಳಿಯ ನೆಲದಿಂದ ಹೋದವನಿಗೆ ಇದು ಸಣ್ಣ ಸಂಗತಿಯಲ್ಲ. ಗುಳೆ ತಪ್ಪಿಸುವ ಯಾವುದನ್ನಾದರೂ ಕೆಟ್ಟದ್ದೆನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಆದರೆ ಚೋಪ್ತಾದ ರಸ್ತೆ ಅಲ್ಲಿಗೇ ಮುಗಿಯುವುದಿಲ್ಲ. ಗೋಪೇಶ್ವರ, ಚಮೋಲಿ ದಾಟಿ ಜೋಶಿಮಠ ಸೇರಿದರೆ ಮೇಲೆ ಔಲಿ. ಇಂಡೋ ಟಿಬೆಟನ್ ಗಡಿ ಪೊಲೀಸರ ಸ್ಕೀ ತರಬೇತಿ ನಡೆಯುವ ಇಳಿಜಾರುಗಳು, ಜೋಶಿಮಠದಿಂದ ಸುಮಾರು 4 ಕಿಲೋಮೀಟರಿನ ತೂಗುಬಂಡಿ, 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ತಂದ ಕೃತಕ ಹಿಮದ ಯಂತ್ರಗಳು. ನಾವು ಔಲಿಯ ಮೇಲಿನ ಗೋರ್ಸೋನ್ ಹುಲ್ಲುಗಾವಲಿಗೂ ನಡೆದೆವು. ಒಂದು ಪಕ್ಕದಲ್ಲಿ ಸ್ಕೀ ಕಲಿಯುವ ಮಕ್ಕಳು ಬಿದ್ದು ನಗುತ್ತಿದ್ದರು. ಹಿಮ ಆ ವರ್ಷ ಅಲ್ಲಲ್ಲಿ ಮಾತ್ರ ಇತ್ತು, ನಡುನಡುವೆ ಕಂದು ಹುಲ್ಲು ಕಾಣುತ್ತಿತ್ತು. ಸ್ನೋಶೂವನ್ನು ಹೆಗಲ ಮೇಲೆ ಹೊತ್ತೇ ನಡೆದೆ.

ಜೋಶಿಮಠ ನಿಂತಿರುವುದು ಹಳೆಯ ಭೂಕುಸಿತದ ಮಣ್ಣುಕಲ್ಲಿನ ರಾಶಿಯ ಮೇಲೆ. ಅಲ್ಲಿ ಭಾರದ ಕಟ್ಟಡ ಬೇಡ, ಬಂಡೆ ಸಿಡಿಸಬೇಡಿ ಎಂದು ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ಮನೆಗಳ ಗೋಡೆಗಳು ಬಿರಿದವು, ನೂರಾರು ಕುಟುಂಬಗಳನ್ನು ಹೊರಗೆ ಕಳಿಸಿದರು, ತೂಗುಬಂಡಿ ನಿಂತಿತು. ಅದೇ ಫೆಬ್ರವರಿಯಲ್ಲಿ ಔಲಿಯಲ್ಲಿ ಆಗಬೇಕಿದ್ದ ರಾಷ್ಟ್ರೀಯ ಚಳಿಗಾಲದ ಕ್ರೀಡೆಗಳು ಹಿಮವಿಲ್ಲದೆ ರದ್ದಾದವು. ತುಂಗನಾಥದ ಗುಡಿಯೂ 5ರಿಂದ 6 ಡಿಗ್ರಿ ವಾಲಿದೆಯೆಂದು ಪುರಾತತ್ವ ಇಲಾಖೆ ಅಳೆದು ಹೇಳಿದೆ. ಮನೆ ಬಿರುಕುಬಿಟ್ಟು ಹೊರಬಿದ್ದ ಜೋಶಿಮಠದವರದು ಗುಳೆಯೂ ಅಲ್ಲ, ಹೊರಬೀಡೂ ಅಲ್ಲ. ಅವೆರಡರಲ್ಲೂ ಮರಳುವ ದಿನ ಇರುತ್ತದೆ.

2013ರ ಜೂನ್ 16, 17ರಂದು ಚೋರಾಬಾರಿ ಕೆರೆ ಒಡೆದು ಕೇದಾರದ ಪೇಟೆಯನ್ನೇ ಬಳಿದುಕೊಂಡು ಹೋದಾಗಲೂ ಪೂಜೆಯನ್ನು ಎಲ್ಲಿ ಮಾಡಬೇಕೆಂಬ ಪ್ರಶ್ನೆ ಎದ್ದಿತ್ತು. ಚಳಿಗಾಲದಲ್ಲಿ ಊಖಿಮಠದಲ್ಲಿ ಮಾಡುವಂತೆ ಈಗಲೂ ಅಲ್ಲೇ ಮಾಡೋಣ ಎಂಬುದು ರಾವಲರ ನಿಲುವಾಗಿತ್ತು. ಅದಕ್ಕೆ ಶಂಕರಾಚಾರ್ಯರ ಕಡೆಯಿಂದ ಆಕ್ಷೇಪ ಬಂತು, ಪತ್ರಿಕೆಗಳಲ್ಲಿ ವಾಗ್ವಾದವಾಯಿತು. ಗುಳೆ ಹೋಗಿ ಬದುಕುವುದನ್ನು ಶತಮಾನಗಳಿಂದ ಅಭ್ಯಾಸ ಮಾಡಿದ ಸಂಸ್ಥೆಗೆ ಆ ಉತ್ತರ ಸಹಜವಾಗಿ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಸೆಪ್ಟೆಂಬರ್ 11ರಂದು ಮೇಲೆ ಮತ್ತೆ ಪೂಜೆ ಶುರುವಾಯಿತು.

ಬಾಗಿಲು ತೆರೆಯುವ ದಿನವನ್ನು ಪ್ರತಿವರ್ಷ ಮಹಾಶಿವರಾತ್ರಿಯಂದು ಊಖಿಮಠದಲ್ಲಿ ರಾವಲರ ಸಮ್ಮುಖದಲ್ಲಿ ಸಾರುತ್ತಾರೆ. ಸಾಮಾನ್ಯವಾಗಿ ಅದು ಏಪ್ರಿಲ್ ಕೊನೆ ಇಲ್ಲವೇ ಮೇ ಮೊದಲ ಭಾಗ. ಡೋಲಿ ಗುಪ್ತಕಾಶಿ, ಫಾಟಾ, ಗೌರಿಕುಂಡಗಳಲ್ಲಿ ರಾತ್ರಿ ತಂಗಿ ಮೇಲೇರುತ್ತದೆ, ಸೇನೆಯ ಬ್ಯಾಂಡು ಮುಂದೆ, ಆ ವರ್ಷ ಕೇದಾರದ ಸರದಿ ಬಂದ ಜಂಗಮ ಪೂಜಾರಿ ಜೊತೆಗೆ. ಹಿಮವನ್ನು ಸಲಿಕೆಯಲ್ಲಿ ಎತ್ತಿ ದಾರಿ ಮಾಡಿರುತ್ತಾರೆ. ಹೆಚ್ಚುಕಡಿಮೆ ಅದೇ ವೈಶಾಖದ ದಿನಗಳಲ್ಲಿ ನಮ್ಮ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ತೇರು ಎಳೆದು, ಗುಡಿಯ ಶಿಖರಕ್ಕೆ ಎಣ್ಣೆ ಎರೆಯುತ್ತಾರೆ. ಮೊದಲ ಎಣ್ಣೆ ಜರಿಮಲೆ ಪಾಳೆಗಾರರ ಮನೆತನದ್ದು, ಆಮೇಲೆ ಊರೂರಿನ ಭಕ್ತರ ಕೊಡಗಳು. ಕಬ್ಬು ಕಡಿಯಲು ಹೋದವರಲ್ಲಿ ಬಹಳಷ್ಟು ಮಂದಿ ಆ ಹೊತ್ತಿಗೆ ಊರಿಗೆ ಬಂದಿರುತ್ತಾರೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಎಣ್ಣೆ ಮೇಲಿಂದ ಕೆಳಕ್ಕೆ ಹರಿದು, ಶಿಖರ ಕಪ್ಪಗೆ ಹೊಳೆಯುತ್ತದೆ.